ಒಂಟಿಯಾಗಿ ಬಿಟ್ಟ ಕೂಡಲೇ ಬಾಗಿಲು ಕೆರೆಯುವ ಮುಧೋಳ ನಾಯಿ: ದಾರಿ ತೋರಿಸಿ

ಕುಕ್ಕರಹಳ್ಳಿ ನಡಿಗೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯೊಂದರಲ್ಲಿ ನಾನು ಮತ್ತು ನನ್ನ ಪತ್ನಿ ವಾಸವಾಗಿದ್ದೇವೆ. ನಮ್ಮಲ್ಲಿ ಎರಡು ವರ್ಷದ ಹೆಣ್ಣು ಮುಧೋಳ ನಾಯಿಯಿದೆ, ಹೆಸರು ಬೆಳ್ಳಿ. ಅವಳು ಮರಿಯಾಗಿದ್ದಾಗಿನಿಂದ ನನ್ನ ಕೆಲಸ ಮನೆಯಿಂದಲೇ ನಡೆಯುತ್ತಿದ್ದುದರಿಂದ ಒಂಟಿಯಾಗಿದ್ದ ದಿನವೇ ಇಲ್ಲವೆನ್ನಬೇಕು. ವಾರಕ್ಕೆ ನಾಲ್ಕು ದಿನ ಕಚೇರಿಗೆ ಬರಲೇಬೇಕೆಂಬ ಆದೇಶ ಎರಡು ತಿಂಗಳ ಹಿಂದೆ ಬಂದಿತು. ನಮ್ಮ ಕಷ್ಟವೂ ಅಂದೇ ಆರಂಭವಾಯಿತು.

ನಾವು ಬೀಗ ಹಾಕಿ ಮೆಟ್ಟಿಲಿಳಿಯುವಷ್ಟರಲ್ಲಿ ಅವಳು ಊಳಿಡತೊಡಗುತ್ತಾಳೆ. ಸಂಜೆ ಬಂದು ನೋಡಿದರೆ ಬಾಗಿಲಿನ ಕೆಳಭಾಗದ ಬಣ್ಣವೆಲ್ಲ ಹೋಗಿ ಮರದ ಸಿಬಿರು ಎದ್ದಿರುತ್ತದೆ, ಹೊಸ್ತಿಲ ಬಳಿ ಜೊಲ್ಲು ಅಂಗೈಯಗಲ ನಿಂತಿರುತ್ತದೆ. ಕಳೆದ ಗುರುವಾರ ಮುಂಗಾಲಿನ ಎರಡು ಉಗುರುಗಳು ಮುರಿದು ರಕ್ತ ಬಂದಿತ್ತು. ಬಟ್ಟಲಿನಲ್ಲಿ ಇಟ್ಟುಹೋಗಿದ್ದ ಕೋಳಿಯ ತುಂಡುಗಳು ಮಾತ್ರ ಇಟ್ಟಂತೆಯೇ ಇದ್ದವು. ನಾವು ಮನೆಯಲ್ಲಿದ್ದಾಗ ಇವಳಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ.

ಒಬ್ಬ ತರಬೇತುದಾರರಿಂದ ಆರು ತರಗತಿಗಳನ್ನು ಕೊಡಿಸಿದೆವು. ಕತ್ತು ಬಿಗಿಯುವ ಸರಪಳಿ ತೊಡಿಸಿ ಕೂರು, ನಿಲ್ಲು, ಬಾ ಎಲ್ಲವನ್ನೂ ಅವರು ಕಲಿಸಿದರು. ಬಾಗಿಲು ಕೆರೆಯುವುದು ಮಾತ್ರ ಒಂದಿಷ್ಟೂ ತಗ್ಗಲಿಲ್ಲ. ಮನೆಯ ಮಾಲೀಕರು ಒಂದು ತಿಂಗಳ ಗಡುವು ಕೊಟ್ಟಿದ್ದಾರೆ. ಅದನ್ನು ಹೇಳಲು ಬಂದವರು ಅವಳ ಕತ್ತುಪಟ್ಟಿಗೆ ಕೈಹಾಕಿದಾಗ ಗುರುಗುಟ್ಟಿದಳು, ಹಾಗಾಗಿ ಈಗ ‘ಕಚ್ಚುವ ನಾಯಿ’ ಎಂಬ ಬಿರುದೂ ಸೇರಿಕೊಂಡಿದೆ. ಅನುಭವಸ್ಥರು ದಾರಿ ತೋರಿಸಬೇಕಾಗಿ ವಿನಂತಿ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ನಾಯಿಯನ್ನು ಹಾಸಿಗೆಯ ಮೇಲೆ ಮಲಗಿಸಿ ಮಗುವಿನಂತೆ ಸಾಕಿದ್ದರ ಫಲವಿದು. ನಮ್ಮ ತೋಟದ ಮನೆಯಲ್ಲಿ ನಲವತ್ತು ವರ್ಷ ನಾಯಿಗಳಿದ್ದವು. ಒಂದೂ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ತಪ್ಪು ಮಾಡಿದಾಗ ಮಡಿಸಿದ ಪತ್ರಿಕೆಯಿಂದ ಒಂದು ಏಟು ಬೀಳುತ್ತಿತ್ತು, ಅಷ್ಟೇ. ಯಾವ ತರಬೇತುದಾರರನ್ನೂ ನಾವು ಕರೆಸಲಿಲ್ಲ. ಇನ್ನು ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ ಎಂಬ ಮಾತನ್ನು ಹಿರಿಯರು ಸುಮ್ಮನೆ ಹೇಳಿಲ್ಲ.

ಶ್ವಾನಪ್ರಿಯ 77

ಮೇಷ್ಟ್ರ ಮಾತನ್ನು ನಾನು ಒಪ್ಪುತ್ತೇನೆ. ನಾಯಿ ಮೂಲತಃ ತೋಳ, ಅದಕ್ಕೆ ಹಿಂಡಿನ ನಾಯಕ ಯಾರೆಂಬುದು ಸ್ಪಷ್ಟವಾಗಬೇಕು. ಮೊದಲು ನೀವು ಊಟ ಮಾಡಿ, ನಂತರ ಅವಳಿಗೆ ಹಾಕಿ. ಬಾಗಿಲನ್ನು ಮೊದಲು ನೀವೇ ದಾಟಿ. ನಾಯಕ ಹೊರಗೆ ಹೋಗುವುದನ್ನು ಪ್ರಶ್ನಿಸುವ ಅಧಿಕಾರ ತನಗಿಲ್ಲವೆಂದು ಅವಳಿಗೆ ತಿಳಿದ ದಿನ ಇದೆಲ್ಲ ನಿಲ್ಲುತ್ತದೆ.

ಶಿರಸಿಯ ಪಶುವೈದ್ಯೆ

ನಾಯಕತ್ವದ ವಾದವನ್ನು ಮೊದಲು ಬದಿಗಿಡೋಣ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಬಂಧನದಲ್ಲಿದ್ದ ತೋಳಗಳನ್ನು ಗಮನಿಸಿ ಬರೆದ ವಿವರಗಳಿಂದ ಈ ಕಲ್ಪನೆ ಹರಡಿತು. ಪರಸ್ಪರ ಪರಿಚಯವಿಲ್ಲದ ಪ್ರಾಣಿಗಳನ್ನು ಒಂದೇ ಆವರಣದಲ್ಲಿ ಕೂಡಿಹಾಕಿದರೆ ಅವು ಕಾದಾಡುವುದು ಸಹಜ. ಈ ಮಾತನ್ನು ಒಂದು ಕಾಲದಲ್ಲಿ ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಅವರೇ 1999ರ ಲೇಖನದಲ್ಲಿ ಅದನ್ನು ತಿದ್ದಿದರು: ಕಾಡಿನ ತೋಳಗಳ ಹಿಂಡೆಂದರೆ ಬಹುಮಟ್ಟಿಗೆ ತಂದೆ, ತಾಯಿ ಮತ್ತು ಅವುಗಳ ಮರಿಗಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ನಿತ್ಯ ಯುದ್ಧ ನಡೆಯುವುದಿಲ್ಲ. ಬೆಳ್ಳಿಗೆ ಅಧಿಕಾರದ ಆಸೆಯಿದ್ದರೆ ಎದುರಿಗಿಟ್ಟ ಕೋಳಿಯನ್ನಾದರೂ ತಿನ್ನುತ್ತಿದ್ದಳು.

ಆ ಕೋಳಿಯ ತುಂಡೇ ಇಲ್ಲಿ ಮುಖ್ಯ ಸುಳಿವು. ಬೇಸರದಿಂದ ಮನೆ ಹಾಳುಮಾಡುವ ನಾಯಿ ಮೊದಲು ಬಟ್ಟಲನ್ನು ಖಾಲಿಮಾಡಿ ಆಮೇಲೆ ಚಪ್ಪಲಿಗೆ ಬರುತ್ತದೆ. ಇಷ್ಟದ ತಿನಿಸನ್ನೂ ಮುಟ್ಟದೆ, ಜೊಲ್ಲು ಸುರಿಸುತ್ತಾ, ನೀವು ಹೋದ ಬಾಗಿಲನ್ನೇ ಉಗುರು ಮುರಿಯುವವರೆಗೆ ಕೆರೆಯುವ ನಾಯಿ ದಿಗಿಲುಬಿದ್ದಿದೆ. ಇದನ್ನು ಅಗಲಿಕೆಯ ಆತಂಕ ಎನ್ನುತ್ತೇವೆ. ‘ಕೂರು’ ಎಂಬ ಆಜ್ಞೆಯನ್ನು ಕಲಿತ ಮಾತ್ರಕ್ಕೆ ದಿಗಿಲು ಹೋಗುವುದಿಲ್ಲ. ನೀರಿಗೆ ಹೆದರುವ ಮನುಷ್ಯನಿಗೆ ಕವಾಯತು ಕಲಿಸಿದಂತಾಗುತ್ತದೆ.

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಡಾಕ್ಟ್ರೇ, ದಿಗಿಲಾಗಿದ್ದರೆ ಮನೆಯವರು ವಾಪಸ್ಸು ಬಂದಾಗ ತಲೆ ತಗ್ಗಿಸಿ, ಕಿವಿ ಮಡಿಚಿ ಮೂಲೆ ಸೇರುವುದೇಕೆ? ತಾನು ತಪ್ಪು ಮಾಡಿದ್ದೇನೆಂದು ಅದಕ್ಕೆ ಚೆನ್ನಾಗಿಯೇ ತಿಳಿದಿರುತ್ತದೆ.

ಶಿರಸಿಯ ಪಶುವೈದ್ಯೆ

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ ಮೇಷ್ಟ್ರೇ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ 14 ಸಾಕುನಾಯಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ತಿನ್ನಬಾರದೆಂದು ಹೇಳಿ ತಿನಿಸಿಟ್ಟು ಮಾಲೀಕರು ಹೊರಹೋಗುತ್ತಿದ್ದರು. ಮರಳಿ ಬಂದಾಗ ನಾಯಿ ತಿಂದಿದೆಯೆಂದೋ ಇಲ್ಲವೆಂದೋ ಅವರಿಗೆ ತಿಳಿಸಲಾಗುತ್ತಿತ್ತು, ಕೆಲವೊಮ್ಮೆ ಸುಳ್ಳಾಗಿ. ‘ತಪ್ಪಿತಸ್ಥ ಮುಖ’ ಕಾಣಿಸಿಕೊಂಡದ್ದು ತಿಂದದ್ದಕ್ಕಿಂತ ಹೆಚ್ಚಾಗಿ ಬೈಸಿಕೊಂಡದ್ದಕ್ಕೆ. ಏನನ್ನೂ ತಿನ್ನದೆ ಬೈಸಿಕೊಂಡ ನಾಯಿಗಳೂ ತಲೆ ತಗ್ಗಿಸಿದ್ದವು. ಬೆಳಿಗ್ಗೆ ಹತ್ತಕ್ಕೆ ಕೆರೆದ ಬಾಗಿಲಿಗೂ ಸಂಜೆ ಆರಕ್ಕೆ ಬಿದ್ದ ಏಟಿಗೂ ನಾಯಿ ಸಂಬಂಧ ಕಲ್ಪಿಸಿಕೊಳ್ಳಲಾರದು. ಒಡೆಯ ಬಂದರೆ ಏಟು ಬೀಳುತ್ತದೆ ಎಂದಷ್ಟೇ ಅದು ಕಲಿಯುತ್ತದೆ. ಆಗ ಹೋಗುವುದೂ ಭಯ, ಬರುವುದೂ ಭಯ.

ಮೂರನೇ ಮಹಡಿ

ಇನ್ನೊಂದು ನಾಯಿ ತಂದುಬಿಡಿ, ಜೊತೆಯಾಗುತ್ತದೆ.

ಹಾಲು ಬೂತಿನ ಎದುರು ಮನೆ

ನಾವು ಅದನ್ನೇ ಮಾಡಿದೆವು. ಈಗ ಎರಡೂ ಸೇರಿ ಊಳಿಡುತ್ತವೆ.

ಲೋಕಾಪುರದವ

ನಮ್ಮೂರು ಮುಧೋಳ ತಾಲ್ಲೂಕಿನಲ್ಲಿಯೇ ಇರುವುದರಿಂದ ಎರಡು ಮಾತು ಹೇಳುತ್ತೇನೆ. ಈ ತಳಿಯ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವಂಥದ್ದು. ಅರ್ಧ ಕಿಲೋಮೀಟರ್ ಆಚೆಯ ಹೊಲದಲ್ಲಿ ಏನಾದರೂ ಅಲುಗಾಡಿದರೆ ಸಾಕು, ಕಿವಿ ನಿಮಿರುತ್ತದೆ. ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಂತೆ ಅಪರಾಧವಾದ್ದರಿಂದ ಈಗ ಅದರ ಮಾತಿಲ್ಲ, ಆದರೆ ಆ ಓಟ ರಕ್ತದಲ್ಲಿ ಉಳಿದಿದೆ. ನಮ್ಮ ಕಡೆ ಇವು ಜೋಳದ ರೊಟ್ಟಿ, ಹಾಲು ತಿಂದು ದಿನವಿಡೀ ಹೊಲದಲ್ಲಿ ಜನರ ಕಾಲ ಬಳಿಯೇ ಇರುತ್ತವೆ. ನಾಲ್ಕು ಗೋಡೆಗಳ ನಡುವೆ ಬೀಗ ಹಾಕಿದ ಮನೆಯಲ್ಲಿ ಮುಧೋಳ ನಾಯಿ ಸಾಕುವುದನ್ನು ನಮ್ಮ ಹಿರಿಯರು ಕೇಳಿದರೆ ನಗುತ್ತಾರೆ.

ಆದರೆ ಈ ತಳಿಗೆ ಕಲಿಸಲು ಬರುವುದಿಲ್ಲವೆಂದು ಮಾತ್ರ ಯಾರೂ ಹೇಳಬೇಡಿ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ 2016ರಲ್ಲಿ ಮರಿಗಳನ್ನು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಒಯ್ದಿದ್ದರು. ಕಲಿಯದ ನಾಯಿಗೆ ಅಷ್ಟು ದೂರದ ರೈಲು ಯಾರೂ ಹತ್ತಿಸುವುದಿಲ್ಲ. ಬೆಳ್ಳಿಯನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಒಂದು ಗಂಟೆ ಓಡಿಸಿ. ದಣಿದ ನಾಯಿ ಮಲಗುತ್ತದೆ.

ಮತ್ತೊಂದು ವಿಷಯ. ಇವುಗಳ ತಲೆ ಕತ್ತಿಗಿಂತ ಸಪೂರವಾಗಿರುವುದರಿಂದ ಸಾಮಾನ್ಯ ಪಟ್ಟಿ ಹಿಂದಕ್ಕೆ ಜಗ್ಗಿದೊಡನೆ ಕಳಚಿಕೊಳ್ಳುತ್ತದೆ. ಅದಕ್ಕೆಂದು ಸರಪಳಿ ಬಿಗಿಯಬೇಡಿ. ಎದೆಗೆ ತೊಡಿಸುವ ಅಗಲವಾದ ಪಟ್ಟಿ ಕೊಳ್ಳಿರಿ.

ಶಿರಸಿಯ ಪಶುವೈದ್ಯೆ

ಎದೆಪಟ್ಟಿಯ ಸಲಹೆಗೆ ನೂರಕ್ಕೆ ನೂರು ಅಂಕ. ಓಟವೂ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಓಟವೊಂದರಿಂದಲೇ ಇದು ಗುಣವಾಗುತ್ತದೆಂದು ನಂಬಿ ಬೀಗ ಹಾಕಿ ಹೊರಡಬೇಡಿ, ಏಕೆಂದರೆ ದಣಿದ ನಾಯಿಯೂ ಹೆದರುತ್ತದೆ.

ನ್ಯೂಜೆರ್ಸಿಯ ಕನ್ನಡಿಗ

ಇಲ್ಲಿ ಬಹಳಷ್ಟು ಜನ ತಂತಿಯ ಗೂಡಿನಲ್ಲಿ ನಾಯಿಯನ್ನು ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ನಮ್ಮ ಲ್ಯಾಬ್ರಡಾರ್ ಅದರೊಳಗೆ ಹೋಗಿ ತಾನೇ ಮಲಗುತ್ತದೆ. ಬಾಗಿಲೂ ಉಳಿಯುತ್ತದೆ, ಉಗುರೂ ಉಳಿಯುತ್ತದೆ. ನೀವೂ ಪ್ರಯತ್ನಿಸಬಹುದಲ್ಲವೇ?

ಕುಕ್ಕರಹಳ್ಳಿ ನಡಿಗೆ

ಪ್ರಯತ್ನಿಸಿ ಕೈಸುಟ್ಟುಕೊಂಡಿದ್ದೇವೆ ಸರ್. ಗೂಡು ತಂದ ಮೊದಲ ದಿನವೇ ಕಂಬಿ ಕಚ್ಚಿ ವಸಡಿನಲ್ಲಿ ರಕ್ತ ಬರಿಸಿಕೊಂಡಳು. ಈಗ ಅದರಲ್ಲಿ ಹಳೆಯ ಪತ್ರಿಕೆಗಳನ್ನು ಜೋಡಿಸಿಟ್ಟಿದ್ದೇವೆ. ಮೇಷ್ಟ್ರು ಹೇಳಿದ ಪತ್ರಿಕೆಗಳಿಗೆ ಕೊರತೆಯಿಲ್ಲ, ಹೊಡೆಯಲು ಕೈ ಬರುತ್ತಿಲ್ಲ.

ಕೆಳಮನೆಯವಳು

ನಾನು ಇನ್ನೊಂದು ಪಕ್ಷದವಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗುವ ನನ್ನ ತಲೆಯ ಮೇಲಿನ ಮನೆಯಲ್ಲಿ ಒಂದು ನಾಯಿ ಒಂಬತ್ತರಿಂದ ಐದರವರೆಗೆ ಅಳುತ್ತಿತ್ತು. ಮೂರು ತಿಂಗಳು ಸಹಿಸಿದೆ. ಅದರ ಒಡೆಯರಿಗೆ ಹೇಳಿದರೆ ‘ನಾವಿರುವಾಗ ಅದು ಬೊಗಳುವುದೇ ಇಲ್ಲ’ ಎಂದರು, ಅದು ನಿಜವೂ ಆಗಿತ್ತು! ಹಾಗಾಗಿ ನಿಮ್ಮ ಮಾಲೀಕರನ್ನು ಕೇವಲ ಖಳನಾಯಕನಂತೆ ನೋಡಬೇಡಿ. ಅಕ್ಕಪಕ್ಕದವರ ಬಳಿ ನೀವೇ ಮೊದಲು ಹೋಗಿ, ಹೀಗೊಂದು ತೊಂದರೆಯಿದೆ, ಇಂತಹ ಉಪಾಯ ಮಾಡುತ್ತಿದ್ದೇವೆ, ಇಷ್ಟು ದಿನ ಬೇಕು ಎಂದು ಹೇಳಿರಿ. ನನಗೆ ಅಂದು ಯಾರಾದರೂ ಹಾಗೆ ಹೇಳಿದ್ದರೆ ಅರ್ಧ ಕೋಪ ಇಳಿಯುತ್ತಿತ್ತು.

ಕಾನೂನು ಬಲ್ಲವ

ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಬೊಗಳುವುದೊಂದನ್ನೇ ಕಾರಣವಾಗಿಸಿಕೊಂಡು ನಿವಾಸಿಗಳ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ. ಆದರೆ ನಿಮ್ಮದು ಸಂಘದ ಪ್ರಶ್ನೆಯಲ್ಲ, ಬಾಡಿಗೆಯ ಕರಾರಿನ ಪ್ರಶ್ನೆ. ಅದರಲ್ಲಿ ಏನು ಬರೆದಿದೆಯೆಂದು ನೋಡಿಕೊಳ್ಳಿ. ಇನ್ನು ತಾರಸಿಯ ಮೇಲೆ ದಿನವಿಡೀ ಕಟ್ಟಿಹಾಕಿ ಎಂದು ಇಲ್ಲಿ ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇನೆ: ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಪ್ರಾಣಿಯನ್ನು ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ ಎಂಬುದು ಬೇರೆ ಮಾತು. ಆ ದುಡ್ಡಿಗೆ ಇಂದು ಒಂದು ಮಸಾಲೆದೋಸೆಯೂ ಸಿಗುವುದು ಕಷ್ಟ.

ಶಿರಸಿಯ ಪಶುವೈದ್ಯೆ

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಸಮೀಪದ ಪಶುವೈದ್ಯರಿಂದ ತಪಾಸಣೆ ಮಾಡಿಸಿ. ನೋವು, ಮೂತ್ರದ ಸೋಂಕು ಇದ್ದರೂ ನಡವಳಿಕೆ ಕೆಡುತ್ತದೆ. ನಂತರ ಹಳೆಯ ಮೊಬೈಲೊಂದನ್ನು ಪುಸ್ತಕದ ಕಪಾಟಿನ ಮೇಲೆ ಬಾಗಿಲಿಗೆ ಮುಖಮಾಡಿಟ್ಟು ಚಿತ್ರೀಕರಿಸಿ. ನೀವು ಹೊರಹೋದ ಮೇಲೆ ಎಷ್ಟನೆಯ ಸೆಕೆಂಡಿಗೆ ಅವಳು ಎದ್ದು ಓಡಾಡುತ್ತಾಳೆ, ಯಾವಾಗ ತುಟಿ ನೆಕ್ಕಿಕೊಳ್ಳುತ್ತಾಳೆ, ಯಾವಾಗ ಮೊದಲ ಕುಂಯ್ ಎಂಬ ದನಿ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಆ ಸೆಕೆಂಡುಗಳೇ ನಿಮ್ಮ ಪಾಠದ ಆರಂಭ.

ನಾಯಿಗೆ ನಿಮ್ಮ ಹೊರಡುವಿಕೆ ಬಾಗಿಲಿನ ಬಳಿ ಆರಂಭವಾಗುವುದಿಲ್ಲ. ಬೈಕಿನ ಕೀಲಿ ಮೊಳೆಯಿಂದ ತೆಗೆದಾಗಿನ ಸದ್ದಿಗೇ ಅದರ ಎದೆ ಬಡಿದುಕೊಳ್ಳತೊಡಗುತ್ತದೆ. ಊಟಕ್ಕೆ ಮುಂಚಿನ ಸದ್ದು ಕೇಳಿದರೇ ನಾಯಿಗೆ ಜೊಲ್ಲು ಸುರಿಯುತ್ತದೆಂದು ವಿಜ್ಞಾನಿ ಪಾವ್ಲೊವ್ ತೋರಿಸಿದ ನಂಟು ಇದೇ, ಇಲ್ಲಿ ಅದು ತಿರುವುಮುರುವಾಗಿ ಸದ್ದು ಊಟದ ಬದಲು ಒಂಟಿತನವನ್ನು ಸಾರುತ್ತಿದೆ. ಆದ್ದರಿಂದ ದಿನಕ್ಕೆ ಇಪ್ಪತ್ತು ಬಾರಿ ಕೀಲಿ ತೆಗೆದುಕೊಂಡು ಸೋಫಾದಲ್ಲಿ ಕುಳಿತು ಪತ್ರಿಕೆ ಓದಿ. ಹೆಲ್ಮೆಟ್ ಹಾಕಿಕೊಂಡು ಅನ್ನಕ್ಕೆ ಇಡಿ. ಮನೆಯವರು ನಕ್ಕರೂ ಚಿಂತೆಯಿಲ್ಲ. ಕೀಲಿಯ ಸದ್ದಿಗೆ ಅರ್ಥವೇ ಇಲ್ಲವೆಂದು ಅವಳಿಗೆ ಅನ್ನಿಸಬೇಕು.

ಆಮೇಲೆ ಬಾಗಿಲು. ತೆರೆದು ಮುಚ್ಚಿ ಕುಳಿತುಕೊಳ್ಳಿ. ಹೊರಗೆ ಹೋಗಿ ಐದು ಸೆಕೆಂಡಿನಲ್ಲಿ ಬನ್ನಿ. ಅವಳು ದಿಗಿಲುಗೊಳ್ಳುವ ಮೊದಲೇ ನೀವು ಒಳಗಿರಬೇಕು, ಇದೇ ಇಡೀ ವಿಧಾನದ ಜೀವಾಳ. ಐದು, ಹತ್ತು, ಮೂರು, ಹದಿನೈದು, ಎಂಟು ಹೀಗೆ ಏರಿಳಿತವಿರಲಿ. ಏರುತ್ತಲೇ ಹೋದರೆ ಪ್ರತಿ ಸಲವೂ ಹಿಂದಿನದಕ್ಕಿಂತ ಕಷ್ಟವೆಂಬುದನ್ನು ಅವಳು ಎರಡೇ ದಿನದಲ್ಲಿ ಕಂಡುಹಿಡಿಯುತ್ತಾಳೆ. ಬಂದಾಗ ಸಂಭ್ರಮವೂ ಬೇಡ, ಮುನಿಸೂ ಬೇಡ.

ಎಲ್ಲರೂ ಎಡವುವುದು ಮುಂದಿನ ಮಾತಿನಲ್ಲಿ. ಈ ಪಾಠ ನಡೆಯುವ ವಾರಗಳಲ್ಲಿ ಅವಳನ್ನು ನಿಜವಾಗಿ ಒಂಟಿಯಾಗಿ ಬಿಡುವಂತಿಲ್ಲ. ಬೆಳಿಗ್ಗೆ ಹತ್ತು ಸೆಕೆಂಡು ಕಲಿಸಿ ಆಮೇಲೆ ಎಂಟು ಗಂಟೆ ಬೀಗ ಹಾಕಿದರೆ ತುಂಬಿದ ಕೊಡಕ್ಕೆ ತೂತು ಮಾಡಿದಂತೆ. ಅತ್ತೆಯವರನ್ನೋ, ಪಕ್ಕದ ಮನೆಯ ಕಾಲೇಜು ಹುಡುಗನನ್ನೋ, ಯಾರನ್ನಾದರೂ ಕೂರಿಸಿ.

ದಿಗಿಲು ಇಷ್ಟು ತೀವ್ರವಿರುವುದರಿಂದ ಔಷಧದ ಬಗ್ಗೆಯೂ ವೈದ್ಯರನ್ನು ಕೇಳಿ. ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್ ಎಂಬ ಔಷಧಗಳು ಈ ತೊಂದರೆಗೆ ಬಳಕೆಯಲ್ಲಿವೆ. ಪರಿಣಾಮ ಕಾಣಲು ಹಲವು ವಾರ ಬೇಕು. ಮನುಷ್ಯರ ಮಾತ್ರೆಯನ್ನು ಅಂದಾಜಿನಿಂದ ಅರ್ಧ ಮುರಿದು ಕೊಡುವ ಸಾಹಸ ಬೇಡ.

ಮೂರನೇ ಮಹಡಿ

ನಾಯಿಗೆ ಮನೋರೋಗದ ಮಾತ್ರೆಯೇ? ಕಲಿಗಾಲ.

ಹಾಲು ಬೂತಿನ ಎದುರು ಮನೆ

ನಮ್ಮ ನಾಯಿಗೆ ಕೊಟ್ಟಿದ್ದೆವು. ಮಂಕಾಗಲಿಲ್ಲ, ಪಾಠ ಕಿವಿಗೆ ಬೀಳುವಷ್ಟು ನೆಮ್ಮದಿ ಬಂತು. ಅದರ ಜೊತೆಗೆ ರಬ್ಬರಿನ ಟೊಳ್ಳು ಆಟಿಕೆಯಲ್ಲಿ ಮೊಸರನ್ನ ತುಂಬಿ ಫ್ರೀಜರಿನಲ್ಲಿಟ್ಟು ಕೊಡುತ್ತಿದ್ದೆ, ನೆಕ್ಕುತ್ತಾ ಕೂರುತ್ತಿತ್ತು.

ಶಿರಸಿಯ ಪಶುವೈದ್ಯೆ

ಒಳ್ಳೆಯ ಉಪಾಯ, ಆದರೆ ಮೈಸೂರಿನವರ ಮೊಸರನ್ನವೆಂದರೆ ಸ್ವಲ್ಪ ನಿಲ್ಲಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ, ಈರುಳ್ಳಿಯೂ ಬೇಡ. ಒಗ್ಗರಣೆಯಿಲ್ಲದ, ಉಪ್ಪಿಲ್ಲದ ಸಪ್ಪೆ ಮೊಸರನ್ನವಾದರೆ ಸರಿ.

ಶ್ವಾನಪ್ರಿಯ 77

ಐದು ಸೆಕೆಂಡು, ಹತ್ತು ಸೆಕೆಂಡು ಎಂದು ಕುಳಿತರೆ ಮಾಲೀಕರ ಗಡುವು ಮುಗಿಯುತ್ತದೆ. ಮೈಸೂರಿನವರೇ ಆದ್ದರಿಂದ ಕೇಳುತ್ತೇನೆ, ದಸರಾ ಆನೆಗಳಿಗೆ ಏನು ಮಾಡುತ್ತಾರೆ? ನೇರವಾಗಿ ಫಿರಂಗಿಯನ್ನೇ ಹಾರಿಸಿ ರೂಢಿ ಮಾಡಿಸುತ್ತಾರೆ. ಭಯವನ್ನು ಒಮ್ಮೆ ಪೂರ್ತಿ ಅನುಭವಿಸಿದರೆ ಅದು ಬಿಟ್ಟುಹೋಗುತ್ತದೆ.

ಕುಕ್ಕರಹಳ್ಳಿ ನಡಿಗೆ

ಆ ತಾಲೀಮನ್ನು ನಾನು ಕಣ್ಣಾರೆ ನೋಡಿದ್ದೇನೆ ಸರ್, ನೀವು ಹೇಳಿದಂತೆ ಅದು ನಡೆಯುವುದಿಲ್ಲ. ವಿಜಯದಶಮಿಯಂದು ಏಳು ಫಿರಂಗಿಗಳಿಂದ ಮೂರು ಸುತ್ತಿನಂತೆ 21 ಕುಶಾಲತೋಪು ಹಾರುವುದಕ್ಕೆ ಮೊದಲೇ ಹಲವು ದಿನಗಳ ಅಭ್ಯಾಸ ಇರುತ್ತದೆ. ಹೊಸ ಆನೆಯ ಪಕ್ಕದಲ್ಲಿ ಅನುಭವಿ ಆನೆ ನಿಂತಿರುತ್ತದೆ, ಮಾವುತ ಮೈಸವರುತ್ತಿರುತ್ತಾನೆ. ನಾನು ನೋಡಿದ ವರ್ಷ ಮೊದಲ ಸದ್ದಿಗೆ ಒಂದು ಆನೆ ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಮಾವುತ ಅದನ್ನು ಮುಂದೆ ತಳ್ಳಲಿಲ್ಲ, ಇನ್ನಷ್ಟು ಹಿಂದಕ್ಕೆ ಕರೆದೊಯ್ದ. ಡಾಕ್ಟ್ರು ಹೇಳುತ್ತಿರುವುದೂ ಅದನ್ನೇ ಎಂದು ಈಗ ಅನ್ನಿಸುತ್ತಿದೆ.

ಹೊಸದಾಗಿ ನಾಯಿ ಸಾಕಿದವಳು

ಕುತೂಹಲಕ್ಕೆ ಕೇಳುತ್ತೇನೆ: ಪಟಾಕಿಗೆ ಹೆದರಿದ ನಾಯಿಯನ್ನು ಮುದ್ದು ಮಾಡಿದರೆ ಭಯ ಹೆಚ್ಚುತ್ತದೆಂದು ನಮ್ಮ ಭಾವ ಹೇಳುತ್ತಾರೆ. ನಿಜವೇ?

ಶಿರಸಿಯ ಪಶುವೈದ್ಯೆ

ಇಲ್ಲ. ಭಯವೆಂಬುದು ಬಹುಮಾನಕ್ಕಾಗಿ ಮಾಡುವ ಕೆಲಸವಲ್ಲ. ನಿಮ್ಮ ಬಳಿ ಬಂದು ಒರಗಿದರೆ ಕೈಯಾಡಿಸಿ, ಮಂಚದ ಕೆಳಗೆ ಸೇರಿದರೆ ಎಳೆದು ತರಬೇಡಿ.

ಅಂದ ಹಾಗೆ ಬೆಳ್ಳಿ ಗುರುಗುಟ್ಟಿದ ವಿಷಯವನ್ನು ಯಾರೂ ಎತ್ತಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಬಂದವರಿಗೆ ನಾನು ಎಷ್ಟೋ ಬಾರಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಲು ಆಸ್ಪತ್ರೆಯ ದಾರಿ ತೋರಿಸಿದ್ದೇನೆ. ಗುರುಗುಟ್ಟುವುದು ಎಚ್ಚರಿಕೆಯ ಮಾತು. ಅದಕ್ಕೆ ಹೊಡೆದರೆ ಮುಂದಿನ ಬಾರಿ ಎಚ್ಚರಿಸದೆ ಕಚ್ಚುತ್ತದೆ. ಕತ್ತು ಬಿಗಿಸಿಕೊಂಡು ಆರು ತರಗತಿ ಕಳೆದ ನಾಯಿ ಅಪರಿಚಿತರ ಕೈ ಕತ್ತಿಗೆ ಬಂದರೆ ಗುರುಗುಟ್ಟದೆ ಇನ್ನೇನು ಮಾಡೀತು? ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.

ಲೋಕಾಪುರದವ

ಮೇಷ್ಟ್ರೇ, ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ನಲವತ್ತು ವರ್ಷ ನಾಯಿ ಸಾಕಿದ ನಿಮ್ಮ ತೋಟದ ಮನೆಯಲ್ಲಿ ಯಾವ ನಾಯಿಯಾದರೂ ಒಂದು ದಿನ ಪೂರ್ತಿ ಒಂಟಿಯಾಗಿತ್ತೇ?

ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ

ಎರಡು ದಿನ ಉತ್ತರಿಸದೆ ಇದ್ದೆ, ಕ್ಷಮಿಸಿ. ನಮ್ಮದು ಹನ್ನೊಂದು ಜನರ ಮನೆ, ಜೊತೆಗೆ ಕೆಲಸದವರು, ದನಕರು. ಒಂಟಿಯೆಂಬ ಮಾತೇ ಇರಲಿಲ್ಲ. ಆದರೆ ಒಮ್ಮೆ ಇಡೀ ಮನೆಯವರು ಧರ್ಮಸ್ಥಳಕ್ಕೆ ಹೊರಟಿದ್ದೆವು, ಮೂರು ದಿನ. ಕರಿಯ ಎಂಬ ನಾಯಿಗೆ ಅನ್ನ ಹಾಕಲು ಆಚೆಮನೆಯವರಿಗೆ ಹೇಳಿದ್ದೆವು. ಮರಳಿ ಬಂದಾಗ ಜಗಲಿಯ ಕಲ್ಲಿನ ಮರಿಗೆಯಲ್ಲಿ ಮೂರು ದಿನದ ಅನ್ನ ಒಂದರ ಮೇಲೊಂದು ಹುಳಿತು ನಿಂತಿತ್ತು, ಇರುವೆ ಮುತ್ತಿತ್ತು. ಅಂಗಳದ ಬಾಗಿಲಾದ ದಣಪೆಯ ಬಳಿ ನೆಲ ಬಗೆದ ಗುರುತಿತ್ತು. ಅಂದು ನನ್ನ ತಂದೆಯವರು ಅಂಗಳ ಹಾಳುಮಾಡಿದ್ದಕ್ಕೆ ಅದಕ್ಕೆ ಹೊಡೆದರು. ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟ್ರು ಕೋಳಿಯ ತುಂಡಿನ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಆ ಕಲ್ಲಿನ ಮರಿಗೆ ಮತ್ತೆಮತ್ತೆ ಕಣ್ಣ ಮುಂದೆ ಬರುತ್ತಿದೆ.

ಕೆಳಮನೆಯವಳು

ಮೇಷ್ಟ್ರೇ, ಬರೆದದ್ದು ಒಳ್ಳೆಯದಾಯಿತು.

ಕುಕ್ಕರಹಳ್ಳಿ ನಡಿಗೆ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಚಿತ್ರೀಕರಿಸಿ ನೋಡಿದಾಗ ಬೆಳ್ಳಿ ತಡೆದುಕೊಳ್ಳುತ್ತಿದ್ದುದು ಹನ್ನೊಂದು ಸೆಕೆಂಡು ಮಾತ್ರ. ಆ ದೃಶ್ಯವನ್ನು ಮಾಲೀಕರಿಗೆ ತೋರಿಸಿದೆ. ಅವರು ಎರಡು ಬಾರಿ ನೋಡಿ, ಏನೂ ಹೇಳದೆ ಗಡುವನ್ನು ಮೂರು ತಿಂಗಳಿಗೆ ವಿಸ್ತರಿಸಿದರು. ನನ್ನ ಅತ್ತೆ ಹಾಸನದಿಂದ ಬಂದು ನಮ್ಮಲ್ಲಿಯೇ ಇದ್ದಾರೆ. ಪಶುವೈದ್ಯರು ಔಷಧ ಆರಂಭಿಸಿದ್ದಾರೆ. ನಾಯಿಗೆ ಕೆಲಸವಿಲ್ಲ, ಕೂರಲು ಪುರುಸೊತ್ತಿಲ್ಲ ಎಂಬ ಗಾದೆ ಈಗ ನನಗೇ ಅನ್ವಯಿಸುತ್ತದೆ. ದಿನಕ್ಕೆ ಮೂವತ್ತು ಬಾರಿ ಬಾಗಿಲು ದಾಟಿ ಮೆಟ್ಟಿಲಿನ ಮೇಲೆ ಸುಮ್ಮನೆ ನಿಂತು ಬರುತ್ತೇನೆ.

ನಾಲ್ಕನೆಯ ವಾರ ಮೂರು ನಿಮಿಷಕ್ಕೆ ತಲುಪಿದ್ದೆವು. ಅಷ್ಟರಲ್ಲಿ ಅತ್ತೆ ಮದುವೆಯೊಂದಕ್ಕೆ ಹೋಗಬೇಕಾಗಿ ಬಂದು ಒಂದು ಮಧ್ಯಾಹ್ನ ಬೀಗ ಹಾಕಿ ಹೋದೆವು. ಮತ್ತೆ ನಲವತ್ತು ಸೆಕೆಂಡಿಗೆ ಇಳಿದೆವು. ಡಾಕ್ಟ್ರು ಹೇಳಿದ ಕೊಡದ ತೂತು ಇದೇ. ನಿನ್ನೆ ಸಂಜೆ ಇಪ್ಪತ್ತೆರಡು ನಿಮಿಷ ಹೊರಗಿದ್ದು ಹಾಲು, ಕೊತ್ತಂಬರಿ ಸೊಪ್ಪು ತಂದೆವು. ಮೊಬೈಲಿನಲ್ಲಿ ನೋಡಿದರೆ ಅವಳು ಒಮ್ಮೆ ಬಾಗಿಲಿಗೆ ಹೋಗಿ ಮೂಸಿ, ಹಿಂತಿರುಗಿ, ಆಟಿಕೆಯನ್ನು ನೆಕ್ಕಿ, ಚಾಪೆಯ ಮೇಲೆ ಮೂರು ಸುತ್ತು ಸುತ್ತಿ ಮಲಗಿದ್ದಳು. ಎಂಟು ಗಂಟೆಯ ಕಚೇರಿ ಇನ್ನೂ ಬಹಳ ದೂರವಿದೆ.

ಒಂದು ಸಹಾಯ ಬೇಕಾಗಿದೆ. ದಸರಾ ಸಮೀಪಿಸುತ್ತಿದೆ, ಫಿರಂಗಿಯ ತಾಲೀಮು ನಮ್ಮ ಮನೆಯವರೆಗೂ ಕೇಳಿಸುತ್ತದೆ. ಮೊದಲೇ ಸಣ್ಣ ದನಿಯಲ್ಲಿ ಕೇಳಿಸಿ ರೂಢಿ ಮಾಡಿಸಬೇಕೆಂದಿದ್ದೇನೆ. ಯಾರ ಬಳಿಯಾದರೂ ಕುಶಾಲತೋಪಿನ ಧ್ವನಿಮುದ್ರಣವಿದೆಯೇ?

ಹಾಲು ಬೂತಿನ ಎದುರು ಮನೆ

ನನ್ನ ಬಳಿ ಹೋದ ವರ್ಷದ್ದು ಇದೆ, ಇಂದು ರಾತ್ರಿ ಕಳುಹಿಸುತ್ತೇನೆ. ಒತ್ತುವ ಮೊದಲು ದನಿಯನ್ನು ಪೂರ್ತಿ ಇಳಿಸಿಕೊಳ್ಳಿ. ನಾನು ಇಳಿಸದೆ ಒತ್ತಿದ ದಿನ ನಾಯಿಗಳೆರಡೂ ಸುಮ್ಮನಿದ್ದವು, ನಮ್ಮ ಬೆಕ್ಕು ಮಾತ್ರ ಅಟ್ಟವೇರಿದ್ದು ಸಂಜೆಯವರೆಗೂ ಇಳಿಯಲಿಲ್ಲ.